ನಲ್ಲಿಯ ಪಾತ್ರ

ನಮ್ಮ ಶಾಲೆಯ ಸ್ಟಾಫ್ ರೂಮಿನ ಗೋಡೆಯ ಮೇಲೆ ವೇಳಾಪಟ್ಟಿ ತೂಗುಹಾಕಿದೆ. ಅದರಲ್ಲಿ ಒಂಬತ್ತನೇ ಕ್ಲಾಸಿನ ಶುಕ್ರವಾರದ ಕೊನೆಯ ಪೀರಿಯಡ್ಡಿಗೆ ‘ಸೃಜನಶೀಲ ಚಟುವಟಿಕೆ’ ಎಂದು ಹಸಿರು ಬಣ್ಣದಲ್ಲಿ ದುಂಡಗೆ ಬರೆದಿದೆ. ನಾನು ಕನ್ನಡ ಟೀಚರಾಗಿ ಅಲ್ಲಿಗೆ ಸೇರಿ ಬಹಳ ದಿನವಾದರೂ ಆ ಪೀರಿಯಡ್ಡನ್ನು ಯಾರೂ ನಡೆಸಿದ್ದನ್ನು ನೋಡಿರಲಿಲ್ಲ. ಅದು ಗಣಿತಕ್ಕೆ ಹೋಗುತ್ತಿತ್ತು. ಗಣಿತ ಬೇಡವೆಂದ ವಾರ ವಿಜ್ಞಾನಕ್ಕೆ. ಇಬ್ಬರಿಗೂ ಬೇಡವಾದರೆ ಮಕ್ಕಳಿಂದ ಮೈದಾನದ ಕಸ ಹೆಕ್ಕಿಸುತ್ತಿದ್ದರು.

ಗಣಿತದ ಟೀಚರು ನನ್ನ ಸ್ನೇಹಿತೆ. ಇಬ್ಬರೂ ಶಿವಮೊಗ್ಗದಿಂದ ಭದ್ರಾವತಿಗೆ ದಿನಾ ಬಸ್ಸಿನಲ್ಲಿ ಓಡಾಡುವವರು. ನಾನು ದುರ್ಗಿಗುಡಿಯಿಂದ ನಡೆದು ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಅವಳು ನನಗೊಂದು ಸೀಟು ಹಿಡಿದು, ವ್ಯಾನಿಟಿ ಬ್ಯಾಗ್ ಇಟ್ಟು ಕಾಯುತ್ತಿರುತ್ತಿದ್ದಳು. ಹಾಗಾಗಿ ಆ ಪೀರಿಯಡ್ಡಿನ ವಿಷಯಕ್ಕೆ ಅವಳ ಜೊತೆ ಜಗಳವಾಡುವುದೂ ಕಷ್ಟವಾಗಿತ್ತು.

ಒಂದು ಶುಕ್ರವಾರ ಅವಳು ಗಾಜನೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ರಜೆ ಹಾಕಿದಳು. ಹೆಡ್ಮಾಸ್ಟರು ನನ್ನನ್ನು ಕರೆದು, “ಆ ಕ್ಲಾಸಿಗೆ ನೀವು ಹೋಗಿ ಕೂತ್ಕೊಳ್ಳಿ ಮೇಡಂ. ಗಲಾಟೆ ಆಗದಿದ್ರೆ ಸಾಕು” ಅಂದರು.

ನಾನೂ ಏನೂ ತಯಾರಿ ಮಾಡಿಕೊಂಡು ಹೋಗಿರಲಿಲ್ಲ. ಸುಮ್ಮನೆ ಹೇಳಿದೆ: “ಇವತ್ತು ಬೆಳಗ್ಗೆ ಮನೆಯಿಂದ ಹೊರಡೋ ಮೊದಲು ನಿಮ್ಮ ಕಿವಿಗೆ ಬಿದ್ದ ಒಂದು ಮಾತು ಹೇಳಿ ನೋಡೋಣ. ಹೇಗೆ ಬಿತ್ತೋ ಹಾಗೇ.”

ಮೊದಲು ಎದ್ದವನು ಕೈಕಟ್ಟಿ ನಿಂತು, “ನನ್ನ ತಾಯಿಯವರು ಚೆನ್ನಾಗಿ ಓದು ಎಂದು ಹೇಳಿದರು” ಅಂದ. ಎರಡನೆಯವಳ ತಾಯಿಯವರೂ ಚೆನ್ನಾಗಿ ಓದು ಎಂದೇ ಹೇಳಿದ್ದರು. ಮೂರನೆಯವರದ್ದೂ ಅದೇ. ಯಾರ ಮನೆಯಲ್ಲೂ ಬೆಳಗ್ಗೆ ದೋಸೆ ಸೀಯುವುದಿಲ್ಲ, ಸಾಕ್ಸ್ ಕಳೆಯುವುದಿಲ್ಲ, ಯಾರೂ ಯಾರಿಗೂ ಬೈಯುವುದಿಲ್ಲ! ಒಂಬತ್ತು ವರ್ಷ ಶಾಲೆಯಲ್ಲಿ ಕೂತು ಈ ಮಕ್ಕಳು ಕಲಿತದ್ದು ಇದನ್ನು: ಟೀಚರ್ ಏನಾದರೂ ಕೇಳಿದರೆ ಅವರಿಗೆ ಬೇಕಾದ ಉತ್ತರ ಯಾವುದೆಂದು ಊಹಿಸುವುದು. ನನಗೆ ಸಿಟ್ಟು ಬಂತು, ಆದರೆ ಮಕ್ಕಳ ಮೇಲಲ್ಲ.

“ಸಾಕು, ಕೂತ್ಕೊಳ್ಳಿ” ಅನ್ನುವುದರಲ್ಲಿದ್ದೆ. ಆಗ ಮುಂದಿನ ಬೆಂಚಿನ ಗಿಡ್ಡ ಹುಡುಗಿಯೊಬ್ಬಳು ಎದ್ದಳು. ಮನೆಮಾತು ತಮಿಳು. ಊರಿನ ಉಕ್ಕಿನ ಕಾರ್ಖಾನೆಯ ಹಳೇ ಕ್ವಾರ್ಟರ್ಸಿನಲ್ಲಿ ಅಜ್ಜಿಯ ಜೊತೆ ಇರುವವಳು. ಬಗ್ಗಿ, ಸೊಂಟಕ್ಕೊಂದು ಕೈ ಕೊಟ್ಟು, ಬೀದಿ ನಲ್ಲಿಯ ಹತ್ತಿರ ಅಜ್ಜಿ ಆಡಿದ್ದನ್ನು ಆಡಿ ತೋರಿಸಿದಳು: “ಎನ್ನಮ್ಮಾ ಇದು! ನನ್ ಕೊಡ ಇಲ್ಲೇ ಅಲ್ವಾ ಇಟ್ಟಿದ್ದೆ? ಅದಕ್ಕೇನು ಕಾಲು ಬಂತಾ?”

ಕ್ಲಾಸು ಹೋ ಎಂದು ನಕ್ಕಿತು. ಅವಳು ಮಾತ್ರ ಗಾಬರಿಯಾಗಿ ನನ್ನ ಮುಖ ನೋಡಿ, “ಸಾರಿ ಮಿಸ್, ಮಧ್ಯದಲ್ಲಿ ತಮಿಳು ಬಂದ್ಬಿಡ್ತು” ಅಂದಳು.

“ಬರಲಿ. ಆಮೇಲೆ ಏನಾಯ್ತು?”

ಆಮೇಲೆ ಏನಾಯಿತೆಂದು ಹೇಳಲು ನಾಲ್ಕು ಜನ ಒಟ್ಟಿಗೆ ಎದ್ದರು. ಅವರೆಲ್ಲ ಅದೇ ನಲ್ಲಿಯ ಬೀದಿಯವರು. ಒಬ್ಬೊಬ್ಬರು ಅಲ್ಲಿನ ಒಬ್ಬೊಬ್ಬರಾದರು: ಕ್ಯೂ ನೋಡಿಕೊಳ್ಳುವ ರಿಟೈರ್ಡ್ ಫಿಟ್ಟರ್ ತಾತ, ಯಾರ ಕೊಡ ಎಲ್ಲಿದ್ದರೂ ಕಾಲಿನಲ್ಲಿ ಸರಿಸುವ ತೆಲುಗಿನ ಅತ್ತೆ, ಜಗಳದ ನಡುವೆ ಮೊಪೆಡ್ ನಿಲ್ಲಿಸಿ “ಅಂಡಾ ಬೇಕಾ ಅಂಡಾ” ಎಂದು ಕೇಳುವ ಮೊಟ್ಟೆ ಸಾಬರು. ಎಲ್ಲರೂ ಬೆಂಚು ಬಿಟ್ಟು ಮುಂದೆ ಬಂದು ನಿಂತರು. ಹಾಗೆ ನಿಂತ ಮೇಲೆ ಒಂದು ತೊಂದರೆ ಗೊತ್ತಾಯಿತು. ನಲ್ಲಿಯೇ ಇಲ್ಲ.

“ನಾನು ನಲ್ಲಿ ಆಗ್ಲಾ ಮಿಸ್?”

ಕೊನೆಯ ಬೆಂಚಿನಿಂದ ಬಂದ ಆ ದನಿ ಯಾರದೆಂದು ನನಗೆ ತಕ್ಷಣ ತಿಳಿಯಲಿಲ್ಲ. ನೋಡಿದರೆ ಇಡೀ ಕ್ಲಾಸಿಗೇ ಎತ್ತರದ ಹುಡುಗಿ. ಎಲ್ಲರೂ ರೇಗಿಸುತ್ತಾರೆಂದು ಸದಾ ಬೆನ್ನು ಬಗ್ಗಿಸಿಕೊಂಡು ಓಡಾಡುವವಳು. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಅವಳು ಬಂದು ನೆಟ್ಟಗೆ ನಿಂತು, ಒಂದು ಕೈ ಚಾಚಿ, ಮಣಿಕಟ್ಟನ್ನು ಕೆಳಕ್ಕೆ ಬಗ್ಗಿಸಿದಳು. ಆಮೇಲೆ ಗಂಟಲಿನಿಂದಲೋ ಮೂಗಿನಿಂದಲೋ ಒಂದು ಸದ್ದು ಹೊರಡಿಸಿದಳು. ನೀರು ಬರುವ ಮೊದಲು ಪೈಪಿನೊಳಗೆ ಗಾಳಿ ನುಗ್ಗುತ್ತದಲ್ಲ, ಸುಸ್ಸೆಂದು ಎಳೆದು, ಕೆಮ್ಮಿ, ಗೊಳಗೊಳ ಎಂದು ಆಸೆ ಹುಟ್ಟಿಸಿ ಮತ್ತೆ ನಿಂತುಹೋಗುವ ಸದ್ದು, ಅದೇ. ಮರುಕ್ಷಣ ಅಜ್ಜಿ, ಅತ್ತೆ, ತಾತ ಎಲ್ಲರೂ ಇಲ್ಲದ ಕೊಡ ಹಿಡಿದು ಅವಳ ಮೇಲೆ ಬಿದ್ದರು. ಬೆಲ್ಲು ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಮುಂದಿನ ವಾರ ಬಸ್ಸಿನಲ್ಲಿ ಸ್ನೇಹಿತೆಯನ್ನು ಹಿಡಿದುಕೊಂಡೆ.

“ಶುಕ್ರವಾರದ ಪೀರಿಯಡ್ ನನಗೆ ಕೊಡೇ.”

“ನಾಟಕಕ್ಕೆ ಮಾರ್ಕ್ಸ್ ಕೊಡ್ತಾರೇನೆ? ರಿಸಲ್ಟ್ ಕಡಿಮೆಯಾದ್ರೆ ಮೀಟಿಂಗ್‌ನಲ್ಲಿ ನಿಲ್ಲಿಸಿ ಕೇಳೋದು ನನ್ನನ್ನ.” ಬಸ್ಸು ಸ್ವಲ್ಪ ದೂರ ಹೋದ ಮೇಲೆ, “ಅರ್ಧ ತಗೋ ಮಾರಾಯ್ತಿ. ಪೂರ್ತಿ ಕೇಳಬೇಡ. ಪ್ರಮೇಯಗಳು ಹಾಗೇ ಉಳಿದಿವೆ” ಅಂದಳು.

ಹಾಗೆ ಸಿಕ್ಕ ಅರ್ಧರ್ಧ ಪೀರಿಯಡ್ಡುಗಳಲ್ಲಿ ಆ ನಾಟಕ ಬೆಳೆಯಿತು. ಅದಕ್ಕೊಂದು ಹಾಳೆ ಇರಲಿಲ್ಲ. ಪ್ರತಿ ವಾರ ಮಾತು ಬದಲಾಗುತ್ತಿತ್ತು. ಆಗಿನ್ನೂ ಸೋಗಾನೆಯ ಹೊಸ ವಿಮಾನ ನಿಲ್ದಾಣದ ಕಡೆ ಹೋಗುವ ವಿಮಾನ ಕಂಡರೆ ಮಕ್ಕಳು ಕಿಟಕಿಗೆ ಓಡುತ್ತಿದ್ದ ಕಾಲ. ಅವರೇ ಅದನ್ನು ನಾಟಕದೊಳಗೆ ತಂದರು. ಕ್ಯೂನಲ್ಲಿ ಜೋರು ಜಗಳ ನಡೆದಿರುತ್ತದೆ. ಆಕಾಶದಲ್ಲಿ ಸದ್ದಾಗುತ್ತದೆ. ಎಲ್ಲರೂ ಜಗಳ ಬಿಟ್ಟು ತಲೆ ಎತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು ವಿಮಾನ ನೋಡುತ್ತಾರೆ. ಆ ಹೊತ್ತಿನಲ್ಲಿ ಅಜ್ಜಿ ಒಬ್ಬಳೇ ಮೇಲೆ ನೋಡದೆ, ಮೆಲ್ಲಗೆ ತನ್ನ ಕೊಡವನ್ನು ಕ್ಯೂನ ಮುಂದಕ್ಕೆ ತಳ್ಳಿಬಿಡುತ್ತಾಳೆ. ನಲ್ಲಿ ಮಾತ್ರ ಅದನ್ನು ನೋಡುತ್ತದೆ. ಕೊನೆಗೆ ಅಜ್ಜಿಯ ಸರದಿ ಬಂದಾಗ ಬರೀ ಗಾಳಿ ಬಿಡುತ್ತದೆ.

ಇದನ್ನು ನಾನು ಹೇಳಿಕೊಟ್ಟಿದ್ದಲ್ಲ. ನನಗೆ ಹೊಳೆಯುತ್ತಲೂ ಇರಲಿಲ್ಲ. ನಾನು ಮಾಡಿದ್ದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು, ಬಾಯಿ ಮುಚ್ಚಿಕೊಂಡಿದ್ದದ್ದು. ಟೀಚರಾದವಳಿಗೆ ಅದೇ ದೊಡ್ಡ ಕಷ್ಟ. ಯಾರೋ ‘ಹಾಲು’ ಅನ್ನಬೇಕಾದ ಕಡೆ ‘ಆಲು’ ಅಂದರೆ ನನ್ನ ನಾಲಿಗೆ ತುರಿಸುತ್ತಿತ್ತು. ತಡೆದುಕೊಳ್ಳುತ್ತಿದ್ದೆ. ತಿದ್ದಲು ವಾರದ ಉಳಿದ ಪೀರಿಯಡ್ಡುಗಳೆಲ್ಲ ಇದ್ದವಲ್ಲ.

ಒಂದು ಶುಕ್ರವಾರ ನಗು ಕೇಳಿ ಹೆಡ್ಮಾಸ್ಟರು ಬಂದರು. ಬೈಯಲು ಬಂದವರು ಬಾಗಿಲಲ್ಲೇ ನಿಂತು ನೋಡಿದರು, ವಿಮಾನದ ಭಾಗಕ್ಕೆ ಗಟ್ಟಿಯಾಗಿ ನಕ್ಕರು. ಒಳ್ಳೆಯ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. “ಎಷ್ಟು ಚೆನ್ನಾಗಿದೆ ಮೇಡಂ! ಇದನ್ನ ಸ್ಕೂಲ್ ಡೇಗೆ ಹಾಕೋಣ” ಅಂದರು. ಮಕ್ಕಳು ಕುಣಿದಾಡಿದರು. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಶಾಲೆಯೇ ಕೈಹಿಡಿದ ಮೇಲೆ ಇನ್ನೇನು ಬೇಕು ಅಂದುಕೊಂಡೆ.

ಶಾಲೆ ಕೈಹಿಡಿದದ್ದು ನಿಜ. ಹಿಡಿದ ಮೇಲೆ ಬಿಡಲಿಲ್ಲ.

ಮೊದಲು ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಬಂದರು. ಶಿವಮೊಗ್ಗದಲ್ಲಿ ಅಡಿಕೆ ಮಂಡಿ ಇಟ್ಟುಕೊಂಡಿರುವವರು, ಶಾಲೆಗೆಂದರೆ ಕೈ ಬಿಚ್ಚಿ ಕೊಡುವವರು. ನಾಟಕ ನೋಡಿ ಕೆನ್ನೆ ಕೆರೆದುಕೊಂಡರು.

“ಚೆನ್ನಾಗಿದೆ ಮೇಡಂ. ಆದರೆ ಕನ್ನಡ ಟೀಚರ್ ಮಾಡಿಸಿದ ನಾಟಕದಲ್ಲಿ ತಮಿಳು, ತೆಲುಗು ಬಂದ್ರೆ ಜನ ಏನಂತಾರೆ? ಶುದ್ಧ ಕನ್ನಡದಲ್ಲಿ ಬರೆದುಕೊಡಿ.”

“ಸರ್, ಬರೆದರೆ ಅದು ಸತ್ತುಹೋಗುತ್ತೆ. ಅವರ ಬೀದಿಯಲ್ಲಿ ಹಾಗೇ ಮಾತಾಡೋದು.”

“ಬೀದಿಯಲ್ಲಿ ಆಡೋದನ್ನ ಕಲಿಯೋಕೆ ಸ್ಕೂಲ್ ಯಾಕೆ ಬೇಕು ಹೇಳಿ?”

ನಾನು ಬರೆದುಕೊಡುವುದಿಲ್ಲ ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ತಾವೇ ಬರೆಸಿಕೊಂಡು ಬಂದರು. ಅಜ್ಜಿಯ ಮಾತು ಈಗ ಹೀಗಿತ್ತು: “ಅಮ್ಮಾ, ನಾನು ನನ್ನ ಬಿಂದಿಗೆಯನ್ನು ಇಲ್ಲಿಯೇ ಇರಿಸಿದ್ದೆನಲ್ಲವೇ? ಅದನ್ನು ಯಾರು ಸ್ಥಳಾಂತರಿಸಿದಿರಿ?” ಗಿಡ್ಡ ಹುಡುಗಿ ‘ಸ್ಥಳಾಂತರಿಸಿದಿರಿ’ ಎನ್ನಲು ಹೋಗಿ ಪ್ರತಿ ಸಲ ಎಡವಿದಳು. ಮೊಟ್ಟೆ ಸಾಬರು ಹೋಗಿ ಹಣ್ಣಿನ ವ್ಯಾಪಾರಿಯಾದರು, ಶಾಲೆಯ ವೇದಿಕೆಯ ಮೇಲೆ ಮೊಟ್ಟೆ ಬೇಡವಂತೆ. ವಿಮಾನವೂ ಹೋಯಿತು. ಅದನ್ನು ಉಳಿಸಿಕೊಳ್ಳಲು ನಾನು ಹೆಡ್ಮಾಸ್ಟರ ಕೋಣೆಯಲ್ಲಿ ಬಹಳ ಹೊತ್ತು ವಾದ ಮಾಡಿದೆ.

“ಆ ಸೀನಿಗೆ ನೀವೇ ನಕ್ಕಿರಲ್ಲ ಸರ್!”

“ನಕ್ಕೆ ಮೇಡಂ, ಇಲ್ಲ ಅನ್ನಲ್ಲ. ಆದರೆ ಅಜ್ಜಿ ಮೋಸ ಮಾಡ್ತಾಳೆ. ಅದರಿಂದ ಮಕ್ಕಳಿಗೆ ಏನು ಸಂದೇಶ ಹೋಗುತ್ತೆ? ನೀರು ಉಳಿಸಿ ಅಂತ ಮುಗಿಸಿದ್ರೆ ಎಲ್ಲರಿಗೂ ಒಪ್ಪಿಗೆ ಆಗುತ್ತೆ.”

ಆಮೇಲೆ ಶಿವಮೊಗ್ಗದಿಂದ ಕಾರ್ಯಕ್ರಮ ಮಾಡಿಸುವ ಒಬ್ಬ ತರುಣ ಬಂದ. ಮೈದಾನದಲ್ಲಿ ಮೈಕು ನೆಚ್ಚಿಕೊಳ್ಳಲಾಗದು, ಮಕ್ಕಳ ದನಿ ಕೇಳಿಸುವುದಿಲ್ಲ, ಎಲ್ಲವನ್ನೂ ಮೊದಲೇ ರೆಕಾರ್ಡ್ ಮಾಡಿಬಿಡೋಣ, ಮಕ್ಕಳು ವೇದಿಕೆಯ ಮೇಲೆ ತುಟಿ ಆಡಿಸಿದರೆ ಸಾಕು ಅಂದ. ಈಗ ಎಲ್ಲ ಶಾಲೆಯಲ್ಲೂ ಹಾಗೇ ಅಂತೆ. ಮಕ್ಕಳನ್ನು ವ್ಯಾನಿನಲ್ಲಿ ಶಿವಮೊಗ್ಗದ ಸ್ಟುಡಿಯೋಗೆ ಕರೆದುಕೊಂಡು ಹೋದರು. ಅವರಿಗೆ ಅದೇ ಒಂದು ಪ್ರವಾಸ. ಹಾದಿಯುದ್ದಕ್ಕೂ ಹಾಡಿದರು. ಗಾಜಿನ ಆಚೆ ಕೂತ ನಾನು ಅವರು ಒಬ್ಬೊಬ್ಬರಾಗಿ ಹೆಡ್‌ಫೋನ್ ಹಾಕಿಕೊಂಡು, ಎದುರಿಗೆ ಕೊಡವೂ ಇಲ್ಲದೆ ಜಗಳವೂ ಇಲ್ಲದೆ ಸಾಲುಗಳನ್ನು ಓದುವುದನ್ನು ನೋಡಿದೆ. ಎತ್ತರದ ಹುಡುಗಿಯ ಸರದಿ ಬರಲೇ ಇಲ್ಲ. ನಲ್ಲಿಯ ಸದ್ದು ಕಂಪ್ಯೂಟರಿನಲ್ಲಿ ರೆಡಿ ಇತ್ತು.

“ಹಾಗಾದ್ರೆ ಸ್ಟೇಜ್ ಮೇಲೆ ಇವಳು?” ಎಂದು ಕೇಳಿದೆ.

“ನಲ್ಲಿಗೆ ಮನುಷ್ಯರು ಯಾಕೆ ಮೇಡಂ? ಥರ್ಮಾಕೋಲಲ್ಲಿ ದೊಡ್ಡದು ಮಾಡಿಸ್ತೀವಿ. ಫೋಟೋದಲ್ಲಿ ಚೆನ್ನಾಗಿ ಬರುತ್ತೆ.”

ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಬೆನ್ನು ನಿಧಾನಕ್ಕೆ ಬಗ್ಗಿದ್ದು ನನ್ನ ಕಣ್ಣಿಗೆ ಬಿತ್ತು.

ಸ್ಕೂಲ್ ಡೇ ಸಂಜೆ ಭದ್ರಾ ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಬೆಳ್ಳಿಬಣ್ಣ ಬಳಿದ ಥರ್ಮಾಕೋಲಿನ ನಲ್ಲಿ, ಅದರಿಂದ ಇಳಿಬಿಟ್ಟ ನೀಲಿ ಬಟ್ಟೆ, ನೋಡಲು ನಿಜಕ್ಕೂ ಜೋರಾಗಿತ್ತು. ಆದರೆ ಗಾಳಿಗೆ ನಿಲ್ಲುತ್ತಿರಲಿಲ್ಲ. ಎರಡು ಸಲ ಬಿತ್ತು. ಹಿಂದಿನಿಂದ ಹಿಡಿದುಕೊಳ್ಳಲು ಎತ್ತರದವರು ಯಾರಾದರೂ ಬೇಕೆಂದು ಆ ತರುಣ ಓಡಾಡಿದ. ಎತ್ತರದವರು ಯಾರಿದ್ದಾರೆ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಬೇಡವೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ “ಪರವಾಗಿಲ್ಲ ಮಿಸ್, ನಾನು ಹಿಡ್ಕೊಳ್ತೀನಿ” ಎಂದು ಓಡಿದಳು. ಹಿಂದೆ ನಿಂತವಳ ತಲೆ ಕಾಣಿಸುತ್ತಿತ್ತು. “ಬಗ್ಗಮ್ಮಾ, ಇನ್ನೂ ಬಗ್ಗು” ಎಂದು ಸೈಡಿನಿಂದ ಕೂಗಿದರು. ಬಗ್ಗಿದಳು.

ನಾಟಕ ನಡೆಯಿತು. ಸ್ಪೀಕರಿನಿಂದ ಶುದ್ಧ ಕನ್ನಡ ಬಂತು. ಮಕ್ಕಳ ತುಟಿ ಅದರ ಹಿಂದೆ ಹಿಂದೆ ಓಡಿತು. ನಡುವೆ ತೆಲುಗಿನ ಅತ್ತೆಯ ಕೈಯಿಂದ ಕೊಡ ಜಾರಿ ಢಣಾರೆಂದು ಬಿದ್ದು ಉರುಳಿ, ಮುಂದಿನ ಸಾಲಿನಲ್ಲಿದ್ದ ಅತಿಥಿಗಳ ಕಾಲ ಬಳಿ ಹೋಯಿತು. ಕ್ಲಾಸಿನಲ್ಲಾಗಿದ್ದರೆ ಗಿಡ್ಡ ಹುಡುಗಿ ಅದನ್ನು ಬಿಡುತ್ತಿದ್ದಳೇ? ಏನಾದರೊಂದು ಅಂದು ಎಲ್ಲರನ್ನೂ ನಗಿಸಿ ಮುಗಿಸುತ್ತಿದ್ದಳು. ಅಲ್ಲಿ ಅವಳ ಬಾಯಿ ತೆರೆಯಿತು, ಆದರೆ ಸ್ಪೀಕರಿನಲ್ಲಿ ಮುಂದಿನ ಸಾಲು ಆಗಲೇ ಹೊರಟಿತ್ತು. ಬಾಯಿ ಮುಚ್ಚಿ, ಸಾಲು ಹುಡುಕಿಕೊಂಡು ತುಟಿ ಆಡಿಸತೊಡಗಿದಳು. ಕೊನೆಗೆ ಎಲ್ಲರೂ ಸಾಲಾಗಿ ನಿಂತು ‘ನೀರು ಉಳಿಸಿ, ಜೀವ ಉಳಿಸಿ’ ಎಂಬ ಬೋರ್ಡು ಎತ್ತಿ ಹಿಡಿದರು. ಚಪ್ಪಾಳೆ ಬಿತ್ತು. ಮುಖ್ಯ ಅತಿಥಿಗಳು ಇಂಥ ಸೃಜನಶೀಲ ಮಕ್ಕಳನ್ನು ತಾವು ಎಲ್ಲೂ ಕಂಡಿಲ್ಲವೆಂದರು. ಹೆಡ್ಮಾಸ್ಟರು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಕಿರಿಚಬೇಕು ಅನ್ನಿಸಿತು. ಕೈ ಮುಗಿದು ಇಳಿದೆ.

ಇಳಿಯುವಾಗ ಎತ್ತರದ ಹುಡುಗಿಯ ತಾಯಿ ಎದುರಾದರು. ಗಾರ್ಮೆಂಟ್ಸಿಗೆ ಹೋಗುವವರು, ಅರ್ಧ ದಿನ ರಜೆ ಹಾಕಿ ಬಂದಿದ್ದರು.

“ನಮ್ ಹುಡ್ಗಿ ನಾಟಕದಲ್ಲಿ ಇದೀನಿ ಅಂದಿದ್ಲು ಮಿಸ್. ಎಲ್ಲಿದ್ಲು? ನಾನು ನೋಡ್ತಾನೇ ಇದ್ದೆ, ಕಾಣಲೇ ಇಲ್ಲ.”

“ಇದ್ಲು ಅಮ್ಮಾ. ನಲ್ಲಿಯ ಹತ್ರ ಇದ್ಲು” ಅಂದೆ.

ಸೋಮವಾರ ಹೆಡ್ಮಾಸ್ಟರ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವರು ಸಮಾಧಾನದಿಂದ ಕೇಳಿ, “ಹಾಗಾದ್ರೆ ಸ್ಕೂಲ್ ಏನು ಮಾಡಬೇಕಿತ್ತು ಅಂತೀರಿ? ಇಷ್ಟು ಪ್ರೋತ್ಸಾಹ ಯಾರು ಕೊಡ್ತಾರೆ?” ಅಂದರು.

“ಪ್ರೋತ್ಸಾಹ ಕೊಟ್ರಿ ಸರ್. ಮಕ್ಕಳ ಕೈಯಿಂದ ಕಿತ್ಕೊಂಡೂ ಬಿಟ್ರಿ. ನನಗೆ ಸ್ಟೇಜ್ ಬೇಡ, ಥರ್ಮಾಕೋಲ್ ಬೇಡ. ವಾರಕ್ಕೊಂದು ಪೀರಿಯಡ್ ಕೊಡಿ. ಅದನ್ನ ಯಾರೂ ಮುಟ್ಟಬಾರದು. ಒಳಗೆ ಏನು ನಡೀತು ಅಂತ ತೋರಿಸೋ ಕೆಲಸ ಇರಬಾರದು. ಕೆಲವು ವಾರ ಏನೂ ಆಗಲ್ಲ, ಬರೀ ಗದ್ದಲ ಆಗುತ್ತೆ. ಅದಕ್ಕೂ ನೀವು ಸುಮ್ಮನಿರಬೇಕು.”

“ಏನೂ ಆಗಲ್ಲ ಅಂತ ಟೈಮ್‌ಟೇಬಲ್‌ನಲ್ಲಿ ಹೇಗೆ ಬರೆಯೋದು ಮೇಡಂ?” ಎಂದು ಅವರು ನಿಜವಾದ ಕಷ್ಟದಿಂದಲೇ ಕೇಳಿದರು. ನನಗೆ ನಗು ಬರಲಿಲ್ಲ. ಈಗಲೂ ಬರುವುದಿಲ್ಲ.

ಆ ವರ್ಷ ಅಷ್ಟಕ್ಕೇ ಮುಗಿಯಿತು. ಗಿಡ್ಡ ಹುಡುಗಿಯ ಮನೆಯವರು ಕ್ವಾರ್ಟರ್ಸ್ ಖಾಲಿ ಮಾಡಿ ಹೊಸೂರಿನ ಕಡೆ ಹೋದರು. ಎತ್ತರದವಳು ಹತ್ತನೇ ಕ್ಲಾಸಿಗೆ ಬಂದಳು. ಮುಂದಿನ ಸ್ಕೂಲ್ ಡೇ ಹತ್ತಿರ ಬಂದಾಗ ಕಾರ್ಯದರ್ಶಿಗಳು, “ಹೋದ ವರ್ಷದ ನಾಟಕ ಹಿಟ್ ಆಗಿತ್ತಲ್ಲ, ಅದನ್ನೇ ಮಾಡಿಸಿ. ರೆಕಾರ್ಡಿಂಗ್ ಹೇಗೂ ಇದೆ” ಅಂದರಂತೆ. ನಾನು ಕೈಯಾಡಿಸುವುದಿಲ್ಲ ಅಂದೆ. ಪಿ.ಟಿ. ಮೇಷ್ಟ್ರು ಮಾಡಿಸಿದರು. ಹೊಸ ಒಂಬತ್ತನೇ ಕ್ಲಾಸಿನ ಮಕ್ಕಳು ಎರಡೇ ದಿನಕ್ಕೆ ಕಲಿತುಬಿಟ್ಟರು. ಕಲಿಯಲು ಅದರಲ್ಲಿ ಏನೂ ಉಳಿದಿರಲಿಲ್ಲ.

ನಾನು ಹಿಂದಿನ ಸಾಲಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳ ಜೊತೆ ಕೂತಿದ್ದೆ. ಸ್ಪೀಕರಿನಲ್ಲಿ ಅಜ್ಜಿಯ ದನಿ ಬಂತು. ‘ಸ್ಥಳಾಂತರಿಸಿದಿರಿ’ ಎಂಬಲ್ಲಿ ಸ್ವಲ್ಪ ಎಡವಿದ ಅದೇ ದನಿ. ವೇದಿಕೆಯ ಮೇಲೆ ಬೇರೆ ಯಾವುದೋ ಹುಡುಗಿ ಬಾಯಿ ಆಡಿಸುತ್ತಿದ್ದಳು. ಪಕ್ಕದಲ್ಲಿದ್ದ ಎತ್ತರದವಳು ನನ್ನ ತೋಳು ಹಿಡಿದು, “ಮಿಸ್, ಅವಳ ದನಿ!” ಅಂದಳು. ಆ ಗಿಡ್ಡ ಹುಡುಗಿ ಈಗ ಯಾವ ಊರಿನ ಯಾವ ಕ್ಲಾಸಿನಲ್ಲಿದ್ದಾಳೋ, ಅಲ್ಲಿ ಅವಳನ್ನು ಯಾರಾದರೂ ಮಾತಾಡಿಸುತ್ತಾರೋ ಇಲ್ಲವೋ, ನಮಗಿಬ್ಬರಿಗೂ ಗೊತ್ತಿರಲಿಲ್ಲ. ನಮ್ಮ ಶಾಲೆಯಲ್ಲಿ ಅವಳ ದನಿ ಇತ್ತು, ಅವಳು ತಾನಾಗಿ ಎಂದೂ ಆಡದ ಮಾತುಗಳನ್ನು ಆಡುತ್ತ.

ನನಗೆ ಈಗ ಶುಕ್ರವಾರದ ಪೀರಿಯಡ್ಡು ಸಿಕ್ಕಿದೆ. ಪೂರ್ತಿ. ಸ್ನೇಹಿತೆಯೇ ಬಿಟ್ಟುಕೊಟ್ಟಳು. “ನಿನ್ನ ಮುಖ ನೋಡೋಕಾಗಲ್ಲ ಮಾರಾಯ್ತಿ, ತಗೋ” ಅಂದಳು. ಆದರೂ ತಿಂಗಳಲ್ಲಿ ಒಂದೆರಡು ವಾರ ಏನಾದರೂ ಬಂದೇ ಬರುತ್ತದೆ. ತಪಾಸಣೆ, ಕಿರುಪರೀಕ್ಷೆ, ಯಾರದೋ ಭಾಷಣ. ಹೋದ ತಿಂಗಳು ಸೃಜನಶೀಲ ಬೋಧನೆಯ ಬಗ್ಗೆ ಶಿಕ್ಷಕರಿಗೆ ತರಬೇತಿ ಇತ್ತು, ಅದು ಶುಕ್ರವಾರವೇ ಬಿತ್ತು. ಇಡೀ ದಿನ ಫ್ಯಾನಿನ ಕೆಳಗೆ ಕೂತು ಸ್ಲೈಡು ನೋಡಿದೆವು.

ಹತ್ತನೇ ಕ್ಲಾಸಿಗೆ ಮಾತ್ರ ಆ ಪೀರಿಯಡ್ಡೇ ಇಲ್ಲ. ಅವರಿಗೆ ಶುಕ್ರವಾರ ಸಂಜೆ ವಿಶೇಷ ತರಗತಿ. ಮೊನ್ನೆ ಕಾರಿಡಾರಿನಲ್ಲಿ ಎತ್ತರದವಳು ಮಾದರಿ ಪ್ರಶ್ನೆಪತ್ರಿಕೆಗಳ ಕಟ್ಟು ಎದೆಗವಚಿಕೊಂಡು ಬರುತ್ತಿದ್ದಳು. ಒಂಬತ್ತನೇ ಕ್ಲಾಸಿನಿಂದ ಗದ್ದಲ ಕೇಳಿಸುತ್ತಿತ್ತು. ಒಂದು ಗಳಿಗೆ ನಿಂತು ಕೇಳಿಸಿಕೊಂಡು, “ನಮಗ್ಯಾಕೆ ಇಲ್ಲ ಮಿಸ್?” ಎಂದು ಕೇಳಿದಳು.

“ಪರೀಕ್ಷೆ ಇದೆಯಲ್ಲಮ್ಮಾ” ಅಂದೆ.

“ಹೌದಲ್ವಾ” ಅಂದಳು. ಜಗಳವಾಡಲಿಲ್ಲ, ಮುಖ ಸಪ್ಪಗೆ ಮಾಡಿಕೊಳ್ಳಲೂ ಇಲ್ಲ. ಅದು ಹಾಗಿರುವುದೇ ಸರಿ ಎಂಬಂತೆ ತಲೆಯಾಡಿಸಿ ಕ್ಲಾಸಿಗೆ ಹೋದಳು. ಅವಳು ನನ್ನ ಮೇಲೆ ರೇಗಿದ್ದರೆ ಒಳ್ಳೆಯದಿತ್ತು ಅನ್ನಿಸಿತು.